ಮುಖವಿಲ್ಲದವನ ನಡಿಗೆ

ಕೊಲೆಗಾರನ ಮುಖ ತೋರಿಸುವುದಿಲ್ಲ ಎಂದು ನಿರ್ದೇಶಕ ಮೊದಲ ದಿನವೇ ಹೇಳಿದ್ದ. ಆ ಒಂದು ಮಾತಿಗಾಗಿಯೇ ಅವಳು ಆ ಸಿನಿಮಾದಲ್ಲಿ ಕೆಲಸ ಮಾಡಲು ಒಪ್ಪಿಕೊಂಡಳು.

ಅವಳ ಕೆಲಸ ನಡೆಯುವುದು. ತೆರೆಯ ಮೇಲೆ ಯಾರು ನಡೆಯಲಿ, ಓಡಲಿ, ಮೆಟ್ಟಿಲು ಹತ್ತಲಿ, ಕೇಳಿಸುವ ಸದ್ದು ಅವಳ ಕಾಲಿನದು. ಸ್ಟುಡಿಯೋದ ಹಿಂಭಾಗದ ಕಿಟಕಿಯಿಲ್ಲದ ಕೋಣೆ ಅವಳದು. ನೆಲದಲ್ಲಿ ಚೌಕ ಗುಂಡಿಗಳು. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣಗಿದ ಎಲೆ. ಪಕ್ಕದಲ್ಲಿ ಸಿಮೆಂಟಿನ ಹಾಸು, ಮರದ ಹಲಗೆ, ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ಗೋಡೆಯುದ್ದಕ್ಕೂ ಯಾರ್ಯಾರೋ ಬಿಟ್ಟ ಶೂಗಳು, ಚಪ್ಪಲಿಗಳು. ಗಾಜಿನಾಚೆ ಕೂತು ಧ್ವನಿಮುದ್ರಣ ಮಾಡುವವನ ಕಣ್ಣು ಸದಾ ಮೀಟರಿನ ಮುಳ್ಳಿನ ಮೇಲೆಯೇ ಇರುತ್ತಿದ್ದುದರಿಂದ ಅವನನ್ನು ಎಲ್ಲರೂ ಮೀಟರ್ ಎಂದೇ ಕರೆಯುತ್ತಿದ್ದರು. ಅವಳಿಗೆ ಹೆಜ್ಜಮ್ಮ ಎಂದು ಹೆಸರಿಟ್ಟವನೂ ಅವನೇ.

ಅದು ನಿಜವಾಗಿ ನಡೆದ ಕೊಲೆಯ ಕತೆ. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಒಬ್ಬಂಟಿಯಾಗಿದ್ದ ಶಾಲಾ ಶಿಕ್ಷಕಿಯೊಬ್ಬಳನ್ನು ಅವಳ ಮನೆಯಲ್ಲೇ ಯಾರೋ ಕೊಂದಿದ್ದರು. ಅದೇ ಕಟ್ಟಡದ ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಹುಡುಗನನ್ನು ಪೊಲೀಸರು ಹಿಡಿದರು. ಸ್ವಿಚ್‌ಬೋರ್ಡಿನ ಮೇಲೆ ಅವನ ಬೆರಳ ಗುರುತುಗಳಿದ್ದವು. ಅದನ್ನು ರಿಪೇರಿ ಮಾಡಿದವನೇ ಅವನು, ಗುರುತು ಇರದೆ ಏನು ಎಂದು ವಕೀಲ ವಾದಿಸಿದ. ಎರಡು ವರ್ಷ ಒಳಗಿಟ್ಟು, ಸಾಕ್ಷ್ಯ ಸಾಲದೆಂದು ಕೋರ್ಟು ಬಿಟ್ಟಿತು. ಬೇರೆ ಯಾರೂ ಸಿಗಲಿಲ್ಲ.

ಆ ಎಲೆಕ್ಟ್ರಿಷಿಯನ್ ಅವಳ ಅಣ್ಣ. ಸ್ಟುಡಿಯೋದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಬೇರೆಯವರ ಕೈಗೆ ಸಿಗುವುದಕ್ಕಿಂತ ಈ ಸಿನಿಮಾ ತನ್ನ ಕಣ್ಣ ಮುಂದಿರಲಿ, ಅಣ್ಣನ ಮೇಲೆ ಏನಾದರೂ ಬಂದರೆ ಮೊದಲೇ ತಿಳಿಯಲಿ ಎಂದು ಅವಳು ಲೆಕ್ಕ ಹಾಕಿದ್ದಳು.

ಮನೆಯಲ್ಲಿ ಆ ವಿಷಯ ಎತ್ತಿದವರಿಲ್ಲ. ಕೋರ್ಟು ಬಿಟ್ಟ ವಾರವೇ ಊರು ಬಿಟ್ಟು ಬಂದರು. ಅಣ್ಣ ಒಂದು ಫ್ರಿಜ್ ರಿಪೇರಿ ಅಂಗಡಿ ಸೇರಿದ. ಟೀವಿಯಲ್ಲಿ ಎಲ್ಲಿಯದೋ ಕೊಲೆಯ ಸುದ್ದಿ ಬಂದರೆ ಅಮ್ಮ ಎದ್ದು ಹೋಗಿ ಮಿಕ್ಸಿ ಹಾಕುತ್ತಿದ್ದಳು, ಅರೆಯಲು ಏನೂ ಇಲ್ಲದಿದ್ದರೂ. ಖಾಲಿ ಮಿಕ್ಸಿ ಗರ್ರೆನ್ನುತ್ತಿರುವಾಗ ಅಣ್ಣ ತಟ್ಟೆ ನೋಡುತ್ತಾ ಉಣ್ಣುತ್ತಿದ್ದ. ಅವನು ಎಡಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದ. ಹೊಸ ಊರಿನ ನೆರೆಯವರು ಕೇಳಿದರೆ ಅಮ್ಮ, "ಚಿಕ್ಕವನಿದ್ದಾಗ ಸ್ಕೂಟರಿಂದ ಬಿದ್ದ," ಎನ್ನುತ್ತಿದ್ದಳು.

ಆದರೆ ಅವಳು ಸಿನಿಮಾಕ್ಕೆ ಒಪ್ಪಿಕೊಂಡ ಕೆಲವೇ ದಿನಗಳಲ್ಲಿ, ಒಂದು ರಾತ್ರಿಯೂಟದಲ್ಲಿ ಅಣ್ಣನೇ ಬಾಯಿಬಿಟ್ಟ.

"ಮೇಲಿನ ಮನೆ ಟೀಚರ್ ಕತೆ ಪಿಕ್ಚರ್ ಮಾಡ್ತಿದ್ದಾರಂತೆ. ಅಂಗಡೀಲಿ ಫೋನಲ್ಲಿ ನೋಡ್ದೆ. ನಿನ್ನ ಸ್ಟುಡಿಯೋದಲ್ಲೇ ಅಂತೆ?"

ಅಮ್ಮನ ಕೈಯ ಸೌಟು ಪಾತ್ರೆಯ ಮೇಲೆ ನಿಂತಿತು.

"ಹ್ಞೂಂ," ಎಂದಳು ಅವಳು.

"ಊರೆಲ್ಲ ನೋಡೋಕೆ ಮುಂಚೆ ನಾನು ನೋಡ್ಬೇಕು. ನನ್ನ ಕತೆ ಎಲ್ಲರಿಗಿಂತ ಕೊನೇಲಿ ನನಗೆ ಗೊತ್ತಾಗೋದು ಬೇಡ."

"ಮುಗಿದ ಮೇಲೆ ಕೆಲಸ ಮಾಡಿದವರಿಗೆಲ್ಲ ಒಂದು ಭಾನುವಾರ ತೋರಿಸ್ತಾರೆ. ಮನೆಯವರೂ ಬರಬಹುದು. ಕರ್ಕೊಂಡು ಹೋಗ್ತೀನಿ. ಹೆದರ್ಕೋಬೇಡ, ಅದ್ರಲ್ಲಿ ಯಾರನ್ನೂ ಕೊಲೆಗಾರ ಅಂತ ತೋರ್ಸಲ್ಲ."

"ಹೆದರ್ಕೊಂಡಿರೋದು ನಾನೋ ನೀನೋ?" ಎಂದು ನಕ್ಕ ಅಣ್ಣ. "ಮುಖ ನೋಡ್ಕೋ ಹೋಗು, ಸುಣ್ಣ ಬಳಿದ ಹಾಗಿದೆ."

ಅಮ್ಮ ಮಿಕ್ಸಿಯ ಕಡೆ ಹೋದಳು.

ಕೊಲೆಯ ದೃಶ್ಯಕ್ಕೆ ಸದ್ದು ಕೊಡುವ ದಿನ ಬಂದಾಗ ನಿರ್ದೇಶಕ ತಾನೇ ಬಂದು ಗಾಜಿನಾಚೆ ಕೂತ. ಅವನು ಮೆದು ಮಾತಿನ ಮನುಷ್ಯ, ಉಗುರು ಕಚ್ಚುವ ಅಭ್ಯಾಸ. ತೆರೆಯ ಮೇಲೆ ಶಿಕ್ಷಕಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು. ಸಿನಿಮಾದ ಶಿಕ್ಷಕಿಗೆ ಇಪ್ಪತ್ತೆಂಟು ವರ್ಷ, ಬಿಟ್ಟ ಕೂದಲು. ನಿಜವಾದ ಟೀಚರಿಗೆ ಐವತ್ತು ದಾಟಿತ್ತು, ಮಂಡಿನೋವಿತ್ತು. ಕೆಳಗೆ ಅವಳ ಮನೆಯಲ್ಲಿ ರೇಡಿಯೋ ಜೋರಾಗಿ ಹಾಕಿದರೆ ಟೀಚರು ನೆಲಕ್ಕೆ ಕೋಲಿನಿಂದ ಕುಟ್ಟುತ್ತಿದ್ದರು.

"ಆಕೆಗೆ ಅಷ್ಟು ಚಿಕ್ಕ ವಯಸ್ಸಾ?" ಎಂದು ಅವಳು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದ್ದಕ್ಕೆ, "ಮಂಡಿನೋವಿನವಳು ಸತ್ರೆ ಯಾರ್ರೀ ಟಿಕೆಟ್ ತಗೋತಾರೆ?" ಎಂದಿದ್ದ ನಿರ್ದೇಶಕ.

ದೃಶ್ಯ ಇಷ್ಟೇ: ಕ್ಯಾಮೆರಾ ಶಿಕ್ಷಕಿಯ ಮುಖ ಬಿಟ್ಟು ಕದಲುವುದಿಲ್ಲ. ಹೊರಗೆ ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ. ಅವಳು ತಲೆಯೆತ್ತುತ್ತಾಳೆ. ಬಾಗಿಲು ಬಡಿಯುತ್ತದೆ. ಕೊಲೆಗಾರ ಅನ್ನುವವನು ಇಡೀ ಸಿನಿಮಾದಲ್ಲಿ ಆ ಹೆಜ್ಜೆಗಳು ಮಾತ್ರ.

"ಹೆಜ್ಜಮ್ಮಾ, ಆ ನಡಿಗೇಲೇ ಅವನು ಯಾರು ಅಂತ ಗೊತ್ತಾಗ್ಬೇಕು. ಆದ್ರೆ ಯಾರು ಅಂತ ಗೊತ್ತಾಗ್ಬಾರ್ದು," ಎಂದ ನಿರ್ದೇಶಕ.

"ಅಂದ್ರೆ ಒಂದು ಕಾಲಲ್ಲಿ ಹೇಳ್ಬಿಟ್ಟು ಇನ್ನೊಂದು ಕಾಲಲ್ಲಿ ಮುಚ್ಚಿಡು ಅಂತ," ಎಂದ ಮೀಟರ್, ಮುಳ್ಳಿನಿಂದ ಕಣ್ಣು ತೆಗೆಯದೆ.

ಅವಳು ದಪ್ಪ ಅಟ್ಟೆಯ ಶೂ ಹಾಕಿಕೊಂಡು ಹತ್ತಿದಳು. "ಇವನು ಪೊಲೀಸು," ಎಂದ ನಿರ್ದೇಶಕ. ತೆಳು ಅಟ್ಟೆಯದು ಹಾಕಿಕೊಂಡು ಹತ್ತಿದಳು. "ಇವನು ಕಳ್ಳ. ಕಳ್ಳ ಬೇಡ." ನಿಧಾನ ಹತ್ತಿದಳು, ಬೇಗ ಹತ್ತಿದಳು. "ಇವನು ಬಾಡಿಗೆ ಕೇಳೋಕೆ ಬಂದವನು." ಮಧ್ಯಾಹ್ನ ಕಳೆಯಿತು. ಮಧ್ಯೆ ಒಮ್ಮೆ ಅದನ್ನು ನಿಲ್ಲಿಸಿ ಚೂರಿಯ ಸದ್ದು ಮುಗಿಸಿಕೊಂಡರು. ಒಂದು ದೊಡ್ಡ ಎಲೆಕೋಸಿಗೆ ಅವಳು ಮತ್ತೆ ಮತ್ತೆ ಇರಿದಳು.

"ಅದನ್ನ ಬಿಸಾಕ್ಬೇಡ, ಮನೆಗೆ ಒಯ್ತೀನಿ," ಎಂದ ಮೀಟರ್.

"ಕೊಲೆಯಾದ ಕೋಸು ಸಾರ್ ಅದು."

"ನಮ್ಮನೆಯವಳು ಪೋಸ್ಟ್‌ಮಾರ್ಟಂ ಚೆನ್ನಾಗಿ ಮಾಡ್ತಾಳೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಮತ್ತೆ ಮೆಟ್ಟಿಲಿಗೆ ಬಂದಳು. ಯಾವ ಶೂ ಎಂದು ಕೂಡ ನೋಡದೆ ಕೈಗೆ ಸಿಕ್ಕಿದ್ದಕ್ಕೆ ಕಾಲು ತೂರಿಸಿದಳು. ಯಾವ ಮನುಷ್ಯ, ಎಷ್ಟು ತೂಕ, ಏನು ಮನಸ್ಸು ಎಂದು ಯೋಚಿಸುವುದನ್ನು ಬಿಟ್ಟುಬಿಟ್ಟಳು. ಕೆಲಸ ಕೈಗೆ ಹತ್ತದಿದ್ದಾಗ ಅವಳು ಹೀಗೇ ಮಾಡುವುದು. ತಲೆಯನ್ನು ಪಕ್ಕಕ್ಕಿಟ್ಟು ಕಾಲಿಗೆ ಬಿಟ್ಟುಬಿಡುವುದು. ಕಣ್ಣು ಮುಚ್ಚಿ ಹತ್ತಿದಳು.

ಗಾಜಿನಾಚೆ ನಿರ್ದೇಶಕ ಎದ್ದು ನಿಂತಿದ್ದ.

"ಇದೇ. ಇವನೇ," ಎಂದ. "ಎಲ್ಲಿದ್ದ ರೀ ಇವನು ಇಷ್ಟು ಹೊತ್ತು?"

ಮೀಟರ್ ಅದನ್ನು ತಿರುಗಿ ಹಾಕಿದ. ದೊಡ್ಡ ಸ್ಪೀಕರಿನಲ್ಲಿ ಒಂದು ಹೆಜ್ಜೆ ಗಟ್ಟಿಯಾಗಿ ಊರಿತು. ಇನ್ನೊಂದು ತಡೆದು, ಅಂಚಿಗೆ ತುಸು ಉಜ್ಜಿ, ಬಂದು ಸೇರಿತು. ಮತ್ತೆ ಗಟ್ಟಿ ಹೆಜ್ಜೆ. ಮತ್ತೆ ಉಜ್ಜು. ಅವಳು ಅದನ್ನು ದಿನಾ ಸಂಜೆ ಕೇಳುತ್ತಿದ್ದಳು. ಅಂಗಡಿ ಮುಚ್ಚಿ ಅಣ್ಣ ಮನೆಗೆ ಬರುವ ಸದ್ದು ಅದು.

"ಇನ್ನೊಂದ್ಸಲ ಮಾಡ್ತೀನಿ," ಎಂದಳು.

"ಯಾಕೆ? ಹುಚ್ಚಾ ನಿಮಗೆ?"

"ಮೂರನೇ ಮೆಟ್ಟಿಲಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಯ್ತು."

"ಆಗ್ಲಿ. ಮನುಷ್ಯ ಅಲ್ವಾ."

ಆ ವಾರವೆಲ್ಲ ಅವಳು ನಿದ್ದೆಗೆಟ್ಟು ಓಡಾಡಿದಳು. ಅಣ್ಣ ಭಾನುವಾರ ಬಂದು ಆ ಹೆಜ್ಜೆ ಕೇಳುತ್ತಾನೆ. ಕೇಳಿದ ಕ್ಷಣ ಅವನಿಗೆ ತಿಳಿಯುತ್ತದೆ: ಕೊಲೆಗಾರನೊಬ್ಬ ಬೇಕು ಎಂದಾಗ ತಂಗಿಯ ಕಾಲು ಯಾರನ್ನು ಕರೆತಂದಿತು ಎಂದು. ಬೇರೆ ಯಾರಿಗೆ ಗೊತ್ತಾಗದಿದ್ದರೂ ಅವನಿಗೆ ಗೊತ್ತಾಗುತ್ತದೆ. ತಾನು ಹಾಗೆ ಅಂದುಕೊಂಡಿಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಬಸ್ಸಿನಲ್ಲಿ ಹೇಳಿಕೊಂಡಳು, ಸ್ನಾನ ಮಾಡುವಾಗ ಹೇಳಿಕೊಂಡಳು. ಅಷ್ಟು ಸಲ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಳನ್ನು ಹೆದರಿಸಿತು.

ಹೊಸದಾಗಿ ಆರೇಳು ನಡಿಗೆ ಮಾಡಿ ಮೀಟರಿಗೆ ಕೊಟ್ಟಳು.

"ಇವನ್ನ ಹಾಕಿ ಸಾರ್. ಅವರನ್ನ ಕೇಳದೇ ಹಾಕ್ಬಿಡಿ. ಯಾರಿಗೂ ಗೊತ್ತಾಗಲ್ಲ."

ಮೀಟರ್ ಮೊದಲ ಬಾರಿ ಮುಳ್ಳು ಬಿಟ್ಟು ಅವಳ ಮುಖ ನೋಡಿದ. "ಏನಾಯ್ತಮ್ಮ ನಿನಗೆ? ನಿನ್ನ ಕೆಲಸದಲ್ಲೇ ಅದು ಒಳ್ಳೇದು. ಅದಕ್ಕೋಸ್ಕರ ಆ ಸೀನಲ್ಲಿ ಸಂಗೀತಾನೇ ತೆಗೆಸಿಬಿಟ್ರು. ಬರೀ ನಿಶ್ಶಬ್ದ, ಮಧ್ಯೆ ನಿನ್ನ ಕಾಲು. ಬೇಡ ಅನ್ನೋಕೆ ಕಾರಣ ಹೇಳು, ನಾನೇ ಅವರ ಹತ್ರ ಮಾತಾಡ್ತೀನಿ."

ಕಾರಣ ಹೇಳಿದರೆ ಮೀಟರಿಗೆ ಗೊತ್ತಾಗುತ್ತದೆ, ಅವನಿಂದ ನಿರ್ದೇಶಕನಿಗೆ, ಅಲ್ಲಿಂದ ಪತ್ರಿಕೆಯವರಿಗೆ. ಅಣ್ಣನ ಅಂಗಡಿಯ ಮುಂದೆ ಮತ್ತೆ ಕ್ಯಾಮೆರಾಗಳು ನಿಲ್ಲುತ್ತವೆ.

"ಏನಿಲ್ಲ. ಹಾಗೇ," ಎಂದಳು.

ಎರಡು ದಿನ ಬಿಟ್ಟು ನಿರ್ದೇಶಕನೇ ಅವಳ ಕೋಣೆಗೆ ಬಂದ. ಮುಖ ಅರಳಿತ್ತು. ಫೋನು ಅವಳ ಮುಂದೆ ಹಿಡಿದ. ಹಳೆಯ ಸುದ್ದಿಯ ತುಣುಕು. ಕೋರ್ಟಿನ ಹೊರಗೆ ಗುಂಪು, ನಡುವೆ ಗಡ್ಡ ಬಿಟ್ಟ, ಸೊರಗಿದ ಒಬ್ಬ ಹುಡುಗ ತಾಯಿಯ ಭುಜ ಹಿಡಿದು ಕುಂಟುತ್ತಾ ಬರುತ್ತಿದ್ದಾನೆ. ಅಮ್ಮನ ತಲೆಗೂದಲು ಆಗ ಎಷ್ಟು ಕಪ್ಪಗಿತ್ತು ಎಂದು ಅವಳಿಗೆ ಅನಿಸಿತು. ಅಂಚಿನಲ್ಲಿ ಒಂದು ಹುಡುಗಿಯ ತೋಳು ಮಾತ್ರ ಕಾಣುತ್ತಿತ್ತು. ಅದು ತನ್ನದೇ.

"ನೋಡಿದ್ರಾ? ಎಡಗಾಲು! ನೀವು ಇದನ್ನ ನೋಡೇ ಇಲ್ಲ, ಆದ್ರೂ ನಿಮ್ಮ ಕಾಲಿಗೆ ಗೊತ್ತಾಯ್ತು. ನನಗೆ ಮೈ ಜುಂ ಅಂತು. ಎಲೆಕ್ಟ್ರಿಷಿಯನ್ ಪಾರ್ಟ್ ಮಾಡಿದ ಹುಡುಗನ್ನ ಕರೆಸಿ ಇನ್ನೊಂದು ಶಾಟ್ ತೆಗೆದೆ. ಬಿಡುಗಡೆ ಆಗಿ ಗೇಟಿಂದ ಹೊರಗೆ ನಡ್ಕೊಂಡು ಹೋಗ್ತಾನೆ, ಅಷ್ಟೇ. ಕುಂಟ್ತಾ. ಅದೇ ಕೊನೇ ಶಾಟು."

"ನೀವು ಯಾರು ಅಂತ ಹೇಳಲ್ಲ ಅಂದಿದ್ರಿ."

"ನಾನೆಲ್ಲಿ ಹೇಳ್ದೆ? ಒಬ್ಬ ನಡ್ಕೊಂಡು ಹೋದ. ನಡೆಯೋದು ತಪ್ಪಾ?" ನಿರ್ದೇಶಕ ನಕ್ಕ. "ಪೊಲೀಸರ ಕೈಲಾಗದ್ದನ್ನ ನೀವು ಮಾಡಿದ್ರಿ ಹೆಜ್ಜಮ್ಮ. ಕೇಸು ಬಗೆಹರೀತು."

ಅವನು ಹೋದ ಮೇಲೆ ಅವಳು ಜಲ್ಲಿಯ ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದಳು. ಸದ್ದು ಹೀರುವ ಗೋಡೆಗಳ ಕೋಣೆ ಅದು. ಅಲ್ಲಿ ಸುಮ್ಮನೆ ಕೂತರೆ ತನ್ನ ರಕ್ತ ಹರಿಯುವುದೂ ಕಿವಿಗೆ ಕೇಳುತ್ತದೆ.

ಶನಿವಾರ ಅಣ್ಣನಿಗೆ ಹೇಳಿದಳು. "ನಾಳೆ ಪ್ರೊಜೆಕ್ಟರ್ ಕೆಟ್ಟಿದೆಯಂತೆ. ಶೋ ಇಲ್ವಂತೆ."

"ಹೌದಾ? ನಿಮ್ಮ ಮೀಟರ್ ಸಾಹೇಬ್ರು, ನೀನು ಯಾವಾಗ್ಲೋ ನಮ್ಮ ಅಂಗಡಿ ಹೇಳಿದ್ಯಂತೆ, ಬೆಳಿಗ್ಗೆ ಫ್ರಿಜ್ ತಂದಿದ್ರಲ್ಲ. ನಾಳೆ ನಾಲ್ಕು ಗಂಟೆಗೆ ಅಂದ್ರು." ಅಣ್ಣ ಸ್ಕ್ರೂಡ್ರೈವರಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. "ಏನು, ನನ್ನ ಕರ್ಕೊಂಡು ಹೋಗೋಕೆ ನಾಚಿಕೆನಾ? ಒಳ್ಳೇ ಶರ್ಟ್ ಹಾಕ್ಕೋತೀನಿ ಬಿಡು."



ಭಾನುವಾರ ಅವನು ನಿಜವಾಗಿಯೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಪುಟ್ಟ ಥಿಯೇಟರಿನಲ್ಲಿ ಹಿಂದಿನ ಸಾಲಿನಲ್ಲಿ ಕೂತರು. ಮೊದಲರ್ಧದಲ್ಲಿ ಅಣ್ಣ ಒಂದೆರಡು ಸಲ ನಕ್ಕ. ಶಿಕ್ಷಕಿ ಕನ್ನಡಿಯ ಮುಂದೆ ಕೂದಲು ಬಿಚ್ಚಿದಾಗ ತಂಗಿಯ ಕಿವಿಯ ಬಳಿ ಬಾಗಿ, "ಟೀಚರಮ್ಮ ಇದನ್ನ ನೋಡಿದ್ರೆ ಕೋಲು ತಗೊಂಡು ಬರ್ತಿದ್ರು," ಎಂದ. ತನ್ನ ಪಾತ್ರದ ಹುಡುಗ ಪ್ಲಗ್ ಕಳಚದೆ ವೈರು ಮುಟ್ಟಿದಾಗ, "ಇವನು ಕೊಲೆ ಮಾಡೋಕೆ ಬದುಕಿರಲ್ಲ," ಎಂದ.

ಆ ದೃಶ್ಯ ಬಂತು. ಶಿಕ್ಷಕಿ ಪೆನ್ನು ಕೆಳಗಿಟ್ಟಳು. ಥಿಯೇಟರಿನಲ್ಲಿ ಯಾರೂ ಕೆಮ್ಮಲಿಲ್ಲ. ಮೊದಲ ಹೆಜ್ಜೆ ಊರಿತು. ಎರಡನೆಯದು ಉಜ್ಜಿತು.

ಅವಳು ತೆರೆ ನೋಡಲಿಲ್ಲ. ಕುರ್ಚಿಯ ಕೈಯ ಮೇಲಿದ್ದ ಅಣ್ಣನ ಕೈ ನೋಡಿದಳು. ಅದು ನಿಧಾನವಾಗಿ ಎದ್ದು ಅವನ ಎಡ ತೊಡೆಯ ಮೇಲೆ ಹೋಗಿ ಕೂತಿತು. ಕೊನೆಯ ಶಾಟಿನಲ್ಲಿ ಗೇಟಿನಿಂದ ಕುಂಟುತ್ತಾ ಹೋಗುವವನ ಬೆನ್ನು ಕಂಡಾಗಲೂ ಅದು ಅಲ್ಲೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು. ಸಂಜೆ ಬೆಳಕಿನಲ್ಲಿ ಜನ ಚೀಲ ಹಿಡಿದು ಓಡಾಡುತ್ತಿದ್ದರು. ಅಣ್ಣ ಅವಳಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿದ್ದ. ಅವನು ಕಾಲನ್ನು ಎತ್ತಿ, ನೋಡಿ, ಇಡುತ್ತಿದ್ದ.

"ಆ ಮೆಟ್ಟಿಲು ಹತ್ತಿದ್ದು ನೀನೇ ತಾನೆ?" ಎಂದ ಕೊನೆಗೆ.

"ಅಣ್ಣಾ, ನಾನು ಬೇಕೂಂತ ಮಾಡಿದ್ದಲ್ಲ. ಬದಲಾಯಿಸೋಕೆ ಎಷ್ಟು ಒದ್ದಾಡಿದೆ ಗೊತ್ತಾ. ಅದು ಅಭ್ಯಾಸ, ದಿನಾ ಕೇಳೋ ಸದ್ದು, ಅದಕ್ಕೇ ಕಾಲಿಗೆ..."

"ಚೆನ್ನಾಗಿ ಮಾಡಿದ್ದೀಯ. ನಾನೇ ಬಂದೆ ಅಂದ್ಕೊಂಡೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಒಂದೇ ಒಂದು ತಪ್ಪು. ಟೀಚರ್ ಸತ್ತಾಗ ನನ್ನ ಕಾಲು ನೆಟ್ಟಗಿತ್ತು."

"ಸ್ಕೂಟರು..."

"ಯಾವ ಸ್ಕೂಟರೇ? ನಮ್ಮ ಹತ್ರ ಸ್ಕೂಟರ್ ಯಾವಾಗಿತ್ತು?"

ಅವಳು ನಿಂತುಬಿಟ್ಟಳು. ಇರಲಿಲ್ಲ. ಸೈಕಲ್ಲೊಂದಿತ್ತು. ಅಪ್ಪನದು, ಅಣ್ಣ ಅದರ ಮೇಲೆ ಅವಳನ್ನು ಶಾಲೆಗೆ ಬಿಡುತ್ತಿದ್ದ, ನಿಂತು ಪೆಡಲು ತುಳಿಯುತ್ತಿದ್ದ, ಎರಡೂ ಕಾಲಿನಿಂದ. ಇಷ್ಟು ವರ್ಷ ಅವಳ ನೆನಪಿನಲ್ಲಿ ಅಣ್ಣ ಹುಟ್ಟಿದಾಗಿನಿಂದಲೂ ಕುಂಟುತ್ತಲೇ ಬಂದಿದ್ದ.

"ಸ್ಟೇಷನ್ನಲ್ಲಿ ಮೂರನೇ ದಿನ ಕೊಟ್ಟಿದ್ದು ಇದು," ಎಂದ ಅಣ್ಣ, ತೊಡೆ ತಟ್ಟಿ. "ಅಮ್ಮ ಜನರಿಗೆ ಸ್ಕೂಟರ್ ಅಂತ ಹೇಳ್ತಾಳೆ, ಸರಿ. ನೀನೂ ನಂಬಿದ್ದೀಯ ಅಂತ ಗೊತ್ತಿರ್ಲಿಲ್ಲ."

"ನಾಳೆ ಹೋಗಿ ಹೇಳ್ತೀನಿ. ಇದು ನಮ್ಮಣ್ಣನ ಕಾಲು, ಆಮೇಲೆ ಬಂದಿದ್ದು, ತೆಗೀರಿ ಅಂತ ಎಲ್ಲರ ಮುಂದೆ ಹೇಳ್ತೀನಿ. ಏನಾದ್ರೂ ಆಗ್ಲಿ."

"ಅವರಿಗೆ ಹೇಳೋದು ಆಮೇಲೆ." ಅಣ್ಣ ಒಬ್ಬ ಮುದುಕನಿಗೆ ದಾರಿ ಬಿಟ್ಟು ಗೋಡೆಗೆ ಸರಿದ. "ನೀನೂ ಅಮ್ಮನೂ ಅವತ್ತಿನ ಬಗ್ಗೆ ನನ್ನ ಒಂದು ದಿನಾನೂ ಕೇಳಲಿಲ್ಲ. ಪೊಲೀಸರು ಕೇಳಿದ್ರು, ವಕೀಲ್ರು ಕೇಳಿದ್ರು, ಪೇಪರಿನವರು ಕೇಳಿದ್ರು. ಮನೇಲಿ ಯಾರೂ ಕೇಳಲಿಲ್ಲ. ನಂಬಿಕೆ ಇದೆ, ಅದಕ್ಕೇ ಕೇಳಲ್ಲ ಅಂತ ಅಂದ್ಕೊಂಡು ನಾನು ಆರಾಮಾಗಿದ್ದೆ ಕಣೇ."

ಬಸ್ಸು ಬಂತು. ಹತ್ತಿದರು. ಸೀಟು ಒಂದೇ ಇತ್ತು, ಅವನು ಅವಳನ್ನು ಕೂರಿಸಿ ನಿಂತ. ಅವಳು ತನ್ನ ಮೌನವನ್ನು ಹಿಂದಕ್ಕೆ ತಿರುಗಿಸಿ ನೋಡಿದಳು. ಕೇಳದೆ ಇದ್ದದ್ದು ನಂಬಿಕೆಯಿಂದಲ್ಲ. ಉತ್ತರ ಏನಾಗಿರಬಹುದೋ ಎಂಬ ಭಯದಿಂದ. ಬಾಗಿಲಿಗೆ ಚಿಲಕ ಹಾಕಿದ ಹಾಗೆ ಬಾಯಿಗೆ ಹಾಕಿಕೊಂಡಿದ್ದಳು, ಅಷ್ಟೆ. ಅದನ್ನು ಅವನು ನಂಬಿಕೆ ಎಂದು ತಿಳಿದಿದ್ದ.

ಅವರ ಮನೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಅಣ್ಣ ಗೋಡೆ ಹಿಡಿದು ನಿಂತು ಶೂ ಬಿಚ್ಚಿದ. ಒಂದು, ಆಮೇಲೆ ಇನ್ನೊಂದು. ಎರಡನ್ನೂ ಕೈಯಲ್ಲಿ ಹಿಡಿದು ಹತ್ತತೊಡಗಿದ. ಬರಿಗಾಲಿನ ಸದ್ದೇ ಇರಲಿಲ್ಲ. ಹಿಂದೆ ಹತ್ತುತ್ತಿದ್ದ ಅವಳ ಚಪ್ಪಲಿ ಮಾತ್ರ ಇಡೀ ಕಟ್ಟಡಕ್ಕೆ ಕೇಳುವಂತೆ ಪಟಪಟ ಎನ್ನುತ್ತಿತ್ತು.

ಅಮ್ಮ ಬಾಗಿಲು ತೆಗೆದಳು. "ಶೂ ಯಾಕೋ ಕೈಲಿ?"

"ಕಿತ್ತೋಯ್ತು."

ಅಮ್ಮ ಶೂ ತೆಗೆದುಕೊಂಡು ಮಗುಚಿ ನೋಡಿದಳು. ಅಟ್ಟೆ ಗಟ್ಟಿಯಾಗಿಯೇ ಇತ್ತು. ಮಗನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಏನೂ ಕೇಳಲಿಲ್ಲ. ಶೂಗಳನ್ನು ಜೋಡಿಸಿಟ್ಟು, "ಕೈಕಾಲು ತೊಳೀರಿ, ಊಟಕ್ಕೆ ಹಾಕ್ತೀನಿ," ಎಂದು ಅಡುಗೆಮನೆಯ ಕಡೆ ತಿರುಗಿದಳು.

"ಅಮ್ಮ, ಹೋಗ್ಬೇಡ," ಎಂದಳು ಅವಳು. "ಕೂತ್ಕೋ ಸ್ವಲ್ಪ."

"ಒಲೆ ಮೇಲೆ ಇಟ್ಟಿದ್ದೀನಿ ಕಣೇ."

"ಆರಿಸಿ ಬಾ."

ಅಮ್ಮ ಹೋಗಿ ಒಲೆ ಆರಿಸಿ ಬಂದಳು. ಬಂದು ಕುರ್ಚಿಯಲ್ಲಿ ಕೂರದೆ ಅದರ ಬೆನ್ನು ಹಿಡಿದು ನಿಂತಳು. ಅಣ್ಣ ಮಂಚದ ಅಂಚಿನಲ್ಲಿ ಕೂತು ಇಸ್ತ್ರಿ ಶರ್ಟಿನ ಮೇಲಿನ ಗುಂಡಿ ಬಿಚ್ಚುತ್ತಿದ್ದ. ಉತ್ತರ ಏನೇ ಇರಲಿ, ಅದನ್ನು ಕೇಳಿಸಿಕೊಂಡ ಮೇಲೆ ಮತ್ತೆ ಕೇಳಿಸಿಕೊಳ್ಳದ ಹಾಗೆ ಇರಲು ಆಗುವುದಿಲ್ಲ.

"ಅಣ್ಣಾ, ಟೀಚರನ್ನ ಕೊಂದಿದ್ದು ನೀನಾ?"

ಅಮ್ಮನ ಗಂಟಲಿನಿಂದ ಸಣ್ಣ ಸದ್ದೊಂದು ಬಂತು.

"ಅಲ್ಲ," ಎಂದ ಅಣ್ಣ. ಅವಳು ಆ ಒಂದು ಪದದ ಒಳಗೆ ಕಿವಿಯಿಟ್ಟಳು, ವರ್ಷಗಟ್ಟಲೆ ಸದ್ದುಗಳನ್ನು ಸೋಸಿದ ಕಿವಿ ಅದು. ಆದರೆ ಈ ಸಲ ಕಿವಿ ಏನನ್ನೂ ತೀರ್ಮಾನಿಸಿ ಹೇಳಲಿಲ್ಲ.

"ಪೂರ್ತಿ ಹೇಳು," ಎಂದಳು. "ಏನೇನಾಯ್ತು ಎಲ್ಲ ಹೇಳು. ನಾನು ಮಧ್ಯೆ ಬಾಯಿ ಹಾಕಲ್ಲ."

ಅಮ್ಮ ಕುರ್ಚಿಯನ್ನು ಸುತ್ತಿ ಬಂದು ಕೂತಳು. ಅಣ್ಣ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲಿಟ್ಟುಕೊಂಡ.

"ಅವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿರ್ಲಿಲ್ಲ," ಎಂದು ಶುರುಮಾಡಿದ.